ಹೊಂಡ ಬೀಳುವ ಮೊದಲೇ ರಸ್ತೆಗೆ ದುಡ್ಡು

ನಾನು ಉಡುಪಿಯವಳು. ಈಗ ಇರುವುದು ಅಮೆರಿಕದ ಒರೆಗಾನ್ ರಾಜ್ಯದ ಒಂದು ಚಿಕ್ಕ ಊರಲ್ಲಿ. ಕಳೆದ ಬೇಸಿಗೆಯಲ್ಲಿ ನಮ್ಮ ಬೀದಿಗೆ ಕೆಲಸದವರು ಬಂದರು, ಸಣ್ಣ ಸಣ್ಣ ಬಿರುಕುಗಳಿಗೆ ಬಿಸಿ ಟಾರು ತುಂಬಿದರು, ಆಮೇಲೆ ಇಡೀ ರಸ್ತೆಗೆ ತೆಳ್ಳಗೆ ಒಂದು ಕಪ್ಪು ಪದರ ಬಳಿದು ಹೋದರು. ಅಲ್ಲಿ ಒಂದು ಹೊಂಡವೂ ಇರಲಿಲ್ಲ! ಆಚೆ ಬೀದಿ ಅಷ್ಟು ಕೆಟ್ಟಿರುವಾಗ ಇದಕ್ಕೆ ಯಾಕೆ ಖರ್ಚು ಅಂತ ಪಕ್ಕದ ಮನೆಯ ಅಜ್ಜನನ್ನು ಕೇಳಿದೆ. ಅದನ್ನು ಹೇಗೂ ಪೂರ್ತಿ ಕಿತ್ತೇ ಮಾಡಬೇಕು, ಇದನ್ನು ಈಗಲೇ ಉಳಿಸಿಕೊಳ್ಳಬಹುದು ಅಂದರು ಅವರು.

ಇಲ್ಲಿ ರಸ್ತೆಗೂ ಮಾರ್ಕ್ಸ್ ಕೊಡುತ್ತಾರೆ. ಸೊನ್ನೆಯಿಂದ 100ರವರೆಗೆ. ಕೆಲವು ವರ್ಷಕ್ಕೊಮ್ಮೆ ಎಲ್ಲಾ ಬೀದಿಗಳ ಬಿರುಕು, ತಗ್ಗು, ತೇಪೆ ಅಳೆದು ಪಟ್ಟಿ ಮಾಡುತ್ತಾರೆ. ಹೊಸ ರಸ್ತೆಯ ಮಾರ್ಕ್ಸ್ ಮೊದಲ ಕೆಲವು ವರ್ಷ ನಿಧಾನಕ್ಕೆ ಇಳಿಯುತ್ತದೆ, ಆಮೇಲೆ ಒಮ್ಮೆಲೇ ಕುಸಿಯುತ್ತದೆ. ಕಾರಣ ನೀರು. ಬಿರುಕಿನಿಂದ ಒಳಗೆ ಇಳಿದ ನೀರು ಕೆಳಗಿನ ಜಲ್ಲಿ-ಮಣ್ಣನ್ನು ಮೆತ್ತಗೆ ಮಾಡಿತು ಅಂದರೆ, ಮೇಲೆ ಎಷ್ಟು ಡಾಂಬರು ಹಾಕಿದರೂ ಬಸ್ಸಿನ ಚಕ್ರಕ್ಕೆ ಅದು ನಿಲ್ಲುವುದಿಲ್ಲ. ಬಿರುಕು ಮುಚ್ಚುವುದಕ್ಕೆ ಆಗುವುದು ರಸ್ತೆ ಬುಡದಿಂದ ಕಟ್ಟುವ ಖರ್ಚಿನ ಒಂದು ಸಣ್ಣ ಪಾಲು ಅಷ್ಟೇ.

ದುಡ್ಡು ಎಲ್ಲಿಂದ? ಅಮೆರಿಕದಲ್ಲಿ ಪೆಟ್ರೋಲ್ ಮೇಲೆ ರಸ್ತೆಗೆ ಅಂತ ತೆರಿಗೆ ಮೊದಲು ಹಾಕಿದ್ದೇ ಈ ಒರೆಗಾನ್, 1919ರಲ್ಲಿ, ಗ್ಯಾಲನ್‌ಗೆ ಒಂದು ಸೆಂಟ್. ಅದರಲ್ಲಿ ಊರುಗಳಿಗೂ ಪಾಲಿದೆ. ಆದರೆ ಪೆಟ್ರೋಲ್ ಬೇಡದ ಕಾರು ಜಾಸ್ತಿಯಾದಂತೆ ಈ ದುಡ್ಡು ಸಾಲುವುದಿಲ್ಲ. ಕೇಂದ್ರದ ತೆರಿಗೆಯಂತೂ 1993ರಿಂದ ಗ್ಯಾಲನ್‌ಗೆ 18.4 ಸೆಂಟ್‌ನಲ್ಲೇ ನಿಂತಿದೆ. ಹಾಗಾಗಿ ಇಲ್ಲಿಯ ಎಷ್ಟೋ ಊರುಗಳು ತಿಂಗಳ ನೀರಿನ ಬಿಲ್ಲಿಗೇ ರಸ್ತೆ ನಿರ್ವಹಣೆಯ ಶುಲ್ಕ ಸೇರಿಸಿವೆ. ಆ ದುಡ್ಡು ರಸ್ತೆ ಕೆಲಸಕ್ಕೇ ಹೋಗುತ್ತದೆ. ನನಗೆ ಇದು ತುಂಬಾ ಹಿಡಿಸಿತು, ಯಾಕೆಂದರೆ ಪ್ರತಿ ವರ್ಷ ಇಷ್ಟು ಬರುತ್ತದೆ ಅಂತ ಗೊತ್ತಿದ್ದರೆ ತಾನೇ ಮುಂದಿನ ಐದು ವರ್ಷದ ಪಟ್ಟಿ ಬರೆಯಲು ಆಗುವುದು?

ನಮ್ಮ ಉಡುಪಿಯಲ್ಲಿ ಎರಡು ವರ್ಷಕ್ಕೊಮ್ಮೆ ಕೃಷ್ಣ ಮಠದ ಪರ್ಯಾಯ ಉತ್ಸವ ಬರುತ್ತದೆ, ಜನವರಿ 18ರ ಒಳಗೆ ರಸ್ತೆಗಳು ಲಕಲಕ ಆಗುತ್ತವೆ. ಸಂತೋಷವೇ. ಆದರೆ ಆಮೇಲಿನ ಎರಡು ಮಳೆಗಾಲಕ್ಕೆ? ತುಳುನಾಡಿನ ಆಟಿ ತಿಂಗಳ ಮಳೆ ಯಾರನ್ನೂ ಕೇಳಿಕೊಂಡು ಬರುವುದಿಲ್ಲ. ಮಂಗಳೂರಿನಲ್ಲಿ ಕಾಂಕ್ರೀಟ್ ಹಾಕಿದ್ದಾರಲ್ಲ, ಇನ್ನು ಚಿಂತೆ ಇಲ್ಲ ಅನ್ನುತ್ತಾರೆ. ಕಾಂಕ್ರೀಟಿನ ಸಂದುಗಳನ್ನೂ ಆಗಾಗ ಮುಚ್ಚಬೇಕು, ಇಲ್ಲದಿದ್ದರೆ ನೀರು ಅಲ್ಲೂ ಇಳಿಯುತ್ತದೆ. ಪೈಪಿಗೆ ಅಂತ ಕತ್ತರಿಸಿದರೆ ಮತ್ತೆ ಸರಿಯಾಗಿ ಕೂರಿಸುವುದು ಇನ್ನೂ ಕಷ್ಟ.

ಏಪ್ರಿಲ್‌ನಲ್ಲಿ ಕಟ್ಟಿದರೆ ಮನೆ ತೆರಿಗೆಯಲ್ಲಿ ಶೇ. 5 ರಿಯಾಯಿತಿ ಇದೆ ಅಂತ ಅಪ್ಪ ತಪ್ಪದೆ ಕಟ್ಟುತ್ತಾರೆ. ಹಾಗೆ ಬಂದ ದುಡ್ಡಲ್ಲಿ ಒಂದು ಪಾಲನ್ನು ಚೆನ್ನಾಗಿರುವ ರಸ್ತೆಗಳ ಬಿರುಕಿಗೂ ತೋಡು (ಚರಂಡಿ) ಬಿಡಿಸುವುದಕ್ಕೂ ಅಂತಲೇ ಎತ್ತಿಟ್ಟು, ದೀಪಾವಳಿ ಕಳೆದ ಮೇಲೆ ಕೆಲಸ ಶುರು ಮಾಡಿದರೆ ಮೇ ಒಳಗೆ ಎಷ್ಟೋ ಮುಗಿಯುತ್ತದೆ. ಫೋನಿನಲ್ಲಿ ಇದನ್ನೇ ಹೇಳಿದೆ. ಅಪ್ಪ ಮರುದಿನ ಬೆಳಿಗ್ಗೆ ನಮ್ಮ ಓಣಿಯುದ್ದಕ್ಕೂ ನಡೆದು ಬಿರುಕುಗಳ ಫೋಟೊ ತೆಗೆದು ಕಳಿಸಿದರು. ಹನ್ನೊಂದು ಕಡೆ. ಅದರಲ್ಲಿ ಏಳು, ಕಸ ಕಟ್ಟಿಕೊಂಡ ತೋಡಿನ ಪಕ್ಕದಲ್ಲೇ.