ಬೇಲಿ ಜಗಳ ಓಹಾಯೋ ದಾಟುವುದಿಲ್ಲ

ವಾಷಿಂಗ್ಟನ್‌ನಲ್ಲಿ ಮೂರು ದಿನ ಇದ್ದೆವು. ಶ್ವೇತಭವನವನ್ನು ಕಂಬಿಯಾಚೆಯಿಂದ ನೋಡಿದ್ದು, ಮ್ಯೂಸಿಯಂ ಸುತ್ತಿ ಕಾಲು ನೋಯಿಸಿಕೊಂಡಿದ್ದು ಎಲ್ಲ ಇತ್ತು. ಅವನ್ನು ಬರೆಯುವವರು ಬೇಕಾದಷ್ಟಿದ್ದಾರೆ. ಜಿಲ್ಲಾ ಕೋರ್ಟಿನಲ್ಲಿ ಶಿರಸ್ತೇದಾರನಾಗಿ ನಿವೃತ್ತನಾದ ನನಗೆ ಬೇಕಿದ್ದದ್ದು ಸುಪ್ರೀಂ ಕೋರ್ಟ್. 2018ರ ಜುಲೈ ಮೊದಲ ವಾರ, ಬಿಸಿಲು ರಾಯಚೂರಿನದೇ.

ಮೊದಲೇ ಹೇಳಿಬಿಡುತ್ತೇನೆ, ಎದುರಿನ ಮೆಟ್ಟಿಲು ಹತ್ತಬೇಡಿ. 44 ಮೆಟ್ಟಿಲನ್ನು ಮಂಡಿ ಹಿಡಿದುಕೊಂಡು ಹತ್ತಿದ ಮೇಲೆ ತಿಳಿಯಿತು, ಆ ಕಂಚಿನ ಬಾಗಿಲು ಹೊರಗೆ ಬರುವವರಿಗೆ ಮಾತ್ರ. ಒಳಗೆ ಹೋಗುವ ದಾರಿ ಕೆಳಗೆ, ಪಕ್ಕದಲ್ಲಿ. "ಅಪ್ಪಾ, ವಿಚಾರಿಸಿ ಬರಬಾರದಿತ್ತಾ?" ಅಂದಳು ಮಗಳು. ಜೀವಮಾನವಿಡೀ ಕಕ್ಷಿದಾರರಿಗೆ ನಾನು ಹೇಳಿದ್ದ ಮಾತು.

ಕಟ್ಟಡ 1935ರದ್ದು. ಅಲ್ಲಿಯವರೆಗೆ ಕಲಾಪ ಬಹುಪಾಲು ಎದುರಿನ ಸಂಸತ್ ಭವನವಾದ ಕ್ಯಾಪಿಟಲ್‌ನಲ್ಲಿ. ನನಗೇನೂ ಅಷ್ಟು ಹಿಡಿಸಲಿಲ್ಲ. ನಮ್ಮ ಅಠಾರ ಕಚೇರಿಯ ಕೆಂಪಿಗಿರುವ ಸಲಿಗೆ ಈ ಬಿಳಿ ಅಮೃತಶಿಲೆಗಿಲ್ಲ.

ಕೋರ್ಟಿಗೆ ರಜೆ. ಹಾಲ್‌ನಲ್ಲಿ ಕೂರಿಸಿ ಒಬ್ಬ ಹೆಂಗಸು ವಿವರಿಸುತ್ತಿದ್ದರು. ಒಂಬತ್ತು ನ್ಯಾಯಮೂರ್ತಿಗಳೂ ಒಟ್ಟಿಗೇ ಕೂರುತ್ತಾರಂತೆ, ಪೀಠಗಳಾಗಿ ಒಡೆಯುವುದಿಲ್ಲ. ಆಗ ವರ್ಷಕ್ಕೆ 6,000ಕ್ಕೂ ಹೆಚ್ಚು ಅರ್ಜಿ ಬರುತ್ತಿದ್ದರೂ ವಾದ ಕೇಳುತ್ತಿದ್ದದ್ದು 70ರ ಆಸುಪಾಸು. ಒಂದೊಂದು ಪಕ್ಷಕ್ಕೆ ಸಾಮಾನ್ಯವಾಗಿ ಅರ್ಧ ಗಂಟೆ. ಕೆಂಪು ದೀಪ ಹತ್ತಿತೆಂದರೆ ಮುಗಿಯಿತು. ಅರ್ಧ ಗಂಟೆ! ನಮ್ಮಲ್ಲಿ ಕೆಲವು ವಕೀಲರಿಗೆ ವಾಯಿದೆ ಕೇಳುವುದಕ್ಕೇ ಅಷ್ಟು ಬೇಕು.

ಮುಗಿದ ಮೇಲೆ ಹೋಗಿ ಕೇಳಿದೆ: "ನಮ್ಮಲ್ಲಿ ಬದುವಿನ ಜಗಳ ತಾಲ್ಲೂಕು ಕೋರ್ಟಿನಲ್ಲಿ ಹುಟ್ಟಿ ದೆಹಲಿಯವರೆಗೂ ಹೋಗಬಹುದು. ಇಲ್ಲೂ ಹಾಗೇ ತಾನೇ?"

"ಇಲ್ಲ. ಓಹಾಯೋದ ನೆರೆಹೊರೆಯವರ ಬೇಲಿ ಜಗಳ ಓಹಾಯೋ ಸುಪ್ರೀಂ ಕೋರ್ಟಿನಲ್ಲೇ ಮುಗಿಯುತ್ತದೆ. ರಾಜ್ಯದ ಕಾನೂನಿಗೆ ಅವರದೇ ಕೊನೆಯ ಮಾತು."

"ಮತ್ತೆ ಇದು ಸುಪ್ರೀಂ ಕೋರ್ಟ್ ಅಲ್ಲವೇ?"

"ಹೌದು, ಆದರೆ ಒಕ್ಕೂಟದ ಕಾನೂನಿಗೆ, ಸಂವಿಧಾನದ ಪ್ರಶ್ನೆಗೆ."

ನಾನು ಬಿಡಲಿಲ್ಲ. "ಒಬ್ಬ ಓಹಾಯೋದವನು, ಇನ್ನೊಬ್ಬ ಕೆಂಟಕಿಯವನಾದರೆ?"

ಆಕೆ ನಕ್ಕರು. ಆಗ ದಾವೆ 75,000 ಡಾಲರ್ ಮೀರಿದರೆ ಫೆಡರಲ್, ಅಂದರೆ ಒಕ್ಕೂಟದ, ಜಿಲ್ಲಾ ಕೋರ್ಟಿಗೆ ಹೋಗಬಹುದು; ಆದರೆ ಅಲ್ಲಿಯೂ ಅನ್ವಯಿಸುವುದು ರಾಜ್ಯದ ಕಾನೂನೇ! ಅಂಥ ಜಿಲ್ಲಾ ಕೋರ್ಟು 94, ಮೇಲೆ ಮೇಲ್ಮನವಿ ಕೋರ್ಟು 13, ಅದರ ಮೇಲೆ ಇದು. ರಾಜ್ಯದ ಕೋರ್ಟುಗಳದು ಬೇರೆಯೇ ಏಣಿ. ನಮ್ಮ ಹೈಕೋರ್ಟಿಗೆ ಕೇಂದ್ರದ ಕಾಯ್ದೆಯೂ ಒಂದೇ, ರಾಜ್ಯದ್ದೂ ಒಂದೇ. ಇಲ್ಲಿ ಒಂದೇ ಊರಿನಲ್ಲಿ ಎರಡು ಏಣಿ. ಫೈಲು ಯಾವುದರದ್ದೆಂದು ನೋಡುವ ಗುಮಾಸ್ತನ ಪಾಡು ನೆನೆದು ಅಯ್ಯೋ ಅನಿಸಿತು.

ಹೊರಡುವಾಗ ಆಕೆ ನಡುವಿನ ಕುರ್ಚಿಯ ಪಕ್ಕದ್ದನ್ನು ತೋರಿಸಿದರು. ನ್ಯಾಯಮೂರ್ತಿ ಕೆನಡಿಯವರದು, ತಿಂಗಳ ಕೊನೆಗೆ ತೆರವಾಗುತ್ತದೆ. ವಯಸ್ಸು 81, ಕೂತದ್ದು 30 ವರ್ಷ.

"ಯಾರು ಕಳಿಸುತ್ತಿದ್ದಾರೆ?"

"ಯಾರೂ ಕಳಿಸುವಂತಿಲ್ಲ. ನಿವೃತ್ತಿ ವಯಸ್ಸೇ ಇಲ್ಲ. ಅವರೇ ಹೊರಟಿದ್ದಾರೆ."

60 ತುಂಬಿದ ದಿನ ನನಗೆ ಹಾರ ಹಾಕಿ ಕಳಿಸಿದ್ದರು. ಕನ್ನಡಕದ ಡಬ್ಬಿ ಮರೆತು ವಾಪಸು ಹೋದರೆ ಕುರ್ಚಿಯಲ್ಲಾಗಲೇ ಬೇರೆಯವರಿದ್ದರು. ಮಗಳು ಎರಡು ಸಲ ಕರೆಯುವವರೆಗೂ ಅಲ್ಲೇ ನಿಂತಿದ್ದೆ.