ಗಿಡ್ಡ ನೆರಳು

ಇವತ್ತು ಮಧ್ಯಾಹ್ನ ಮಗಳು ಆಟ ನಿಲ್ಲಿಸಿ ಕಾಲಬುಡ ನೋಡ್ತಾ ನಿಂತಿದ್ಲು.
"ಅಮ್ಮಾ, ನನ್ ನೆರಳು ಪುಟ್ಟದಾಗ್ಬಿಟ್ಟಿದೆ. ಒಳಗೆ ಬರ್ತೀನಿ."
ನಾನು ಕರೆದೇ ಇರಲಿಲ್ಲ.

ಹೋದ ವಾರ ಹೇಳಿಕೊಟ್ಟಿದ್ದೆ. ನೆರಳು ನಿನಗಿಂತ ಉದ್ದ ಇದ್ರೆ ಆಡ್ಕೋ, ಗಿಡ್ಡ ಆದ್ರೆ ಮರದಡಿಗೋ ಮನೆಯೊಳಗೋ ಬಾ ಅಂತ. ಗಡಿಯಾರ ನೋಡೋಕೆ ಬರದ ವಯಸ್ಸು. ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಬಿಸಿಲಲ್ಲಿ ಚರ್ಮ ಸುಡೋ ನೇರಳಾತೀತ ಕಿರಣ ಜೋರು ಅಂದ್ರೆ ಅವಳಿಗೇನು ಅರ್ಥ ಆಗ್ಬೇಕು? ಸೂರ್ಯ ನೆತ್ತಿಗೆ ಏರಿದಷ್ಟೂ ನೆರಳು ಕುಗ್ಗುತ್ತೆ, ಕಿರಣ ಚುರುಕಾಗುತ್ತೆ. ಅದನ್ನ ಅವಳೇ ಅಳೆದು ನೋಡ್ಬಹುದು, ಹೆಜ್ಜೆ ಹಾಕಿ.

"ಮೋಡ ಇದ್ರೆ ನೆರಳೇ ಇರಲ್ವಲ್ಲಮ್ಮಾ?" ಅಂತ ಆವತ್ತೇ ಕೇಳಿದ್ಲು. ಒಳ್ಳೇ ಪ್ರಶ್ನೆ. ಮೋಡದೊಳಗಿಂದಾನೂ ಆ ಕಿರಣ ಇಳಿಯುತ್ತೆ ಪುಟ್ಟಿ, ಅದಕ್ಕೇ ಟೋಪಿ ಬಿಡಬಾರದು ಅಂದೆ.

ಇದನ್ನ ನಾನು ಕಲಿತದ್ದು ತಪ್ಪು ಮಾಡಿ. ಒಂದು ಮೋಡದ ದಿನ ಅವಳಿಗೆ ಮುಂದೆ ಮಾತ್ರ ಅಂಚಿರೋ ಟೋಪಿ ಹಾಕಿ ಕಳಿಸಿದ್ದೆ. ರಾತ್ರಿ ತಲೆ ಸವರುವಾಗ ಕಿವಿ ಸುಡ್ತಿತ್ತು. ನಾಲ್ಕು ದಿನಕ್ಕೆ ಕಿವಿತುದಿಯ ಚರ್ಮ ಈರುಳ್ಳಿ ಪೊರೆ ಹಾಗೆ ತೆಳ್ಳಗೆ ಸುಲಿದು ಬಂತು. ಆ ಸಂಕಟ ಇನ್ನೂ ಹೋಗಿಲ್ಲ.

ಈಗ ಸುತ್ತಲೂ ಅಗಲ ಅಂಚಿನ ಟೋಪಿ. ಎಸ್‌ಪಿಎಫ್ (ಬಿಸಿಲು ತಡೆಯೋ ಅಳತೆ) 30ರ ಸನ್‌ಸ್ಕ್ರೀನ್, ಹೊರಗಿದ್ರೆ 2 ಗಂಟೆಗೊಮ್ಮೆ ಮತ್ತೆ.

ಸಂಜೆ ಹೊರಡುವಾಗ ಟ್ಯೂಬ್ ತಂದ್ಲು. ಬೆರಳ ತುದಿಗೆ ಒಂದು ಚುಕ್ಕೆ ತಗೊಂಡು, ನನ್ನ ಬಗ್ಗಿಸಿ, ಮೊದಲು ನನ್ನ ಕಿವಿಗೇ ಹಚ್ಚಿದ್ಲು.