ಶುಕ್ರವಾರದ ಕೊನೇ ಪೀರಿಯಡ್

ಶಾಲೆಯ ನೆನಪು ಬರೆದುಕೊಡಿ ಅಂತ ಕೇಳಿದಾಗ ನನ್ನ ಕಣ್ಣಿಗೆ ಮೊದಲು ಬಂದದ್ದು ಒಂದು ಕಾಫಿ ಗೆಲ್ಲು, ಅಂದರೆ ಕಾಫಿ ಗಿಡದ ಸಣ್ಣ ಕೊಂಬೆ.

ಆಗ ಎಂಟನೇ ಕ್ಲಾಸು. ಶುಕ್ರವಾರ ಕೊನೇ ಪೀರಿಯಡ್ ಡ್ರಾಯಿಂಗ್. ಹೊರಗೆ ಜುಲೈ ತಿಂಗಳ ಮಡಿಕೇರಿ ಮಳೆ, ಹಂಚಿನ ಮೇಲೆ ಅದು ಬೀಳುವ ಸದ್ದಿಗೆ ಹಿಂದಿನ ಬೆಂಚಿಗೆ ಏನೂ ಕೇಳುತ್ತಿರಲಿಲ್ಲ. ಸರ್ ಬೋರ್ಡಿನ ಮೇಲೆ 'ಕಾಫಿ ಗೆಲ್ಲು' ಅಂತ ಬರೆದು ಸುಮ್ನೆ ಕೂತುಬಿಟ್ಟರು. ನಮ್ಮಲ್ಲಿ ಅರ್ಧಕ್ಕರ್ಧ ತೋಟದಿಂದ ಬರುವ ಮಕ್ಕಳು, ಮಾಲೀಕರ ಮನೆಯವರೂ ಇದ್ದರು, ಕೆಲಸಗಾರರ ಲೈನ್ ಮನೆಯವರೂ ಇದ್ದರು. ಹತ್ತೇ ನಿಮಿಷಕ್ಕೆ ಎಲ್ಲರದ್ದೂ ಮುಗಿಯಿತು. ಆಮೇಲೆ ಸರ್ ಒದ್ದೆ ಚೀಲದಿಂದ ನಿಜವಾದ ಗೆಲ್ಲುಗಳನ್ನು ತೆಗೆದು ಬೆಂಚಿಗೊಂದರಂತೆ ಕೊಟ್ಟರು.

ನಾನು ಎಲೆಗಳನ್ನು ಒಂದು ಆ ಕಡೆ, ಒಂದು ಈ ಕಡೆ ಬಿಡಿಸಿದ್ದೆ. ಕಾಫಿ ಎಲೆ ಹಾಗೆ ಬರುವುದೇ ಇಲ್ಲ. ಎದುರುಬದುರಾಗಿ, ಜೋಡಿ ಜೋಡಿಯಾಗಿ ಬರುತ್ತದೆ. ಆ ಜೋಡಿ ಸೇರುವ ಗಂಟಿನಲ್ಲೇ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಬೇಸಿಗೆ ಮಳೆ, ಬಿದ್ದ ಮೇಲೆ ಬಿಳಿ ಹೂ, ಅಲ್ಲೇ ಕಾಯಿ. ಹುಟ್ಟಿದಾಗಿನಿಂದ ಕಾಫಿ ಗಿಡಗಳ ನಡುವೆ ಓಡಾಡಿದವನು ನಾನು, ಆದರೆ ಅವತ್ತಿನವರೆಗೆ ಒಂದು ಗಿಡವನ್ನೂ ಸರಿಯಾಗಿ ನೋಡಿರಲಿಲ್ಲ. ಸರ್ ಬೈಯಲಿಲ್ಲ. 'ಮೊದಲು ನೋಡು, ಆಮೇಲೆ ಬರಿ' ಅಂದರು, ಅಷ್ಟೆ.

ಇನ್ನೊಂದು ಸಲ ಕೋಟೆಗೆ ಕರೆದುಕೊಂಡು ಹೋಗಿ ಅಲ್ಲಿರುವ ಗಾರೆಯ ಎರಡು ಆನೆಗಳ ಮುಂದೆ ಕೂರಿಸಿದ್ದರು. ಮಳೆಗಾಲದಲ್ಲಿ ಬಣ್ಣ ಒಣಗುತ್ತಿರಲಿಲ್ಲ, ಹಾಳೆಯನ್ನು ಮನೆಗೆ ಒಯ್ದು ಒಲೆ ಹತ್ತಿರ ಇಡುತ್ತಿದ್ದೆ. ಅವ್ವ ಅದನ್ನು ಹೊಗೆಯಿಂದ ಆಚೆ ಸರಿಸುತ್ತಿದ್ದರು.

ಹತ್ತನೇ ಕ್ಲಾಸಿಗೆ ಬಂದಾಗ ಆ ಪೀರಿಯಡ್ ಗಣಿತಕ್ಕೆ ಹೋಯಿತು. ಎಸ್ಸೆಸ್ಸೆಲ್ಸಿ ವರ್ಷ, ಯಾರೂ ಪ್ರಶ್ನೆ ಮಾಡಲಿಲ್ಲ. ನನಗೆ ಈಗಲೂ ಅದರ ಬೇಜಾರಿದೆ. ಹತ್ತನೇ ತರಗತಿಯವರೆಗೆ ಕಲೆ ಕಡ್ಡಾಯ ವಿಷಯವಾಗಿರಬೇಕು ಅಂತ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನಲ್ಲೇ ಹೇಳಿದ್ದಾರೆ. ಆದರೂ ಪರೀಕ್ಷೆ ಹತ್ತಿರ ಬಂದಾಗ ಮೊದಲು ಕೈಬಿಡುವುದು ಡ್ರಾಯಿಂಗು, ಹಾಡು, ನಾಟಕ ಇವನ್ನೇ ಅಲ್ವಾ? ದಸರಾ ಮೆರವಣಿಗೆಯಲ್ಲಿ ದೇವರ ಕಥೆ ತೋರಿಸುತ್ತಾ ಬರುವ ಹತ್ತು ಮಂಟಪಗಳನ್ನು ನೋಡಲು ಇಡೀ ರಾತ್ರಿ ನಿದ್ದೆಗೆಟ್ಟು ಬೀದಿಯಲ್ಲಿ ನಿಲ್ಲುವ ಊರು ನಮ್ಮದು. ಅಂಥ ಊರಿನ ಮಕ್ಕಳಿಗೆ ವಾರಕ್ಕೊಂದು ಪೀರಿಯಡ್ ಜಾಸ್ತಿಯಾಯಿತೇ?

ನಾನು ಕಲಾವಿದ ಆಗಲಿಲ್ಲ. ತೋಟ ನೋಡಿಕೊಂಡಿದ್ದೇನೆ. ಅರೇಬಿಕಾ ಜಾತಿಯ ಕಾಫಿ ಗಿಡಕ್ಕೆ ಕಾಂಡ ಕೊರೆಯುವ ಬೋರರ್ ಹುಳ ಬಿದ್ದರೆ ಕಾಂಡದ ಮೇಲೆ ಸಣ್ಣ ಉಬ್ಬು ಗೆರೆ ಏಳುತ್ತದೆ, ಎಲೆ ಹಳದಿಯಾಗುತ್ತದೆ. ಆ ಗೆರೆ ನನ್ನ ಕಣ್ಣಿಗೆ ಬೇಗ ಬೀಳುತ್ತದೆ, ಜೊತೆಗೆ ಕೆಲಸ ಮಾಡುವವರು ಹೇಗೆ ಅಂತ ಕೇಳುತ್ತಾರೆ. ಆ ಕಣ್ಣು ಬಂದದ್ದು ಶುಕ್ರವಾರದ ಕೊನೇ ಪೀರಿಯಡ್‌ನಿಂದ.

ಅವತ್ತು ಎರಡನೇ ಸಲ ಬಿಡಿಸಿದ ಗೆಲ್ಲು ಇನ್ನೂ ನನ್ನ ಹತ್ತಿರ ಇದೆ. ಪ್ರತಿ ಮಳೆಗಾಲಕ್ಕೂ ಹಾಳೆಗೆ ಬೂಸ್ಟು ಹಿಡಿಯುತ್ತದೆ, ಒರೆಸಿ ಇಡುತ್ತೇನೆ. ಮೊನ್ನೆ ಮಗಳು ಅದನ್ನು ನೋಡಿ, 'ಅಪ್ಪ, ಎಲೆ ಅಂಚು ಯಾಕೆ ಹೀಗೆ ಅಲೆಅಲೆಯಾಗಿದೆ?' ಅಂದಳು. ಕೊಡೆ ಹಿಡಿದು ಇಬ್ಬರೂ ರೊಬಸ್ಟಾ ಕಾಫಿ ಗಿಡಗಳ ಹತ್ತಿರ ಹೋದೆವು.